ಯಾರಿಗೆ ಹಚ್ಚಿದ ಪಟಾಕಿ

ಪಟಾಕಿಯ ಸರವನ್ನು ಬೆಳಿಗ್ಗೆಯೇ ಬಿಡಿಸಿ, ಸಮುದ್ರದೇವಿಯ ಗುಡಿಯಿಂದ ಮಿಂಗ್-ರೂಳ ಮನೆ ಬಾಗಿಲವರೆಗೆ ಓಣಿಯುದ್ದಕ್ಕೂ ಮಲಗಿಸಿದ್ದರು. ಅದನ್ನು ದಾಟಿಕೊಂಡೇ ಅವಳು ಗ್ರಂಥಾಲಯದ ಕೆಲಸಕ್ಕೆ ಹೋಗಿದ್ದಳು, ಅದನ್ನು ದಾಟಿಕೊಂಡೇ ಮಧ್ಯಾಹ್ನ ಹಿಂತಿರುಗಿದ್ದಳು. ಎರಡು ಸಲವೂ ಅವಳಿಗೆ, ಈಗಲೇ ಒಂದು ದೊಡ್ಡ ಮಳೆ ಬಂದು ಇದಿಷ್ಟೂ ನೆನೆದು ತೊಪ್ಪೆಯಾಗಬಾರದೇ ಅನ್ನಿಸಿತ್ತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ಆಕಾಶ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಅವಳ ಮನೆಯವರ ಪಕ್ಷದ ಅಭ್ಯರ್ಥಿ, ಉಪಾಧ್ಯಕ್ಷ ಸ್ಥಾನಕ್ಕೆ ತನ್ನ ಜೊತೆ ಯಾರು ನಿಲ್ಲುತ್ತಾರೆಂದು ಆ ಮಧ್ಯಾಹ್ನ ತೈಪೇಯಲ್ಲಿ ಹೇಳುವವನಿದ್ದ. ಉಳಿದಿದ್ದವು ಎರಡೇ ಹೆಸರು, ಎರಡೂ ಹೆಂಗಸರದೇ ಎಂದು ಪತ್ರಿಕೆಗಳು ಬರೆದಿದ್ದವು. ಒಬ್ಬರು ರಾಜಧಾನಿಯ ದೊಡ್ಡ ಡಾಕ್ಟರ್ ಫಾಂಗ್ ಲಿ-ಹ್ವಾ. ಇನ್ನೊಬ್ಬರು ಈ ಸಿಂಪಿ ತೆಗೆಯುವ ಕರಾವಳಿಯಿಂದ ಮೂರು ಸಲ ಸಂಸತ್ತಿಗೆ ಆರಿಸಿಹೋದ, ಅದಕ್ಕೂ ಮುಂಚೆ ಊರಿನ ದವಾಖಾನೆಯಲ್ಲಿ ನರ್ಸಾಗಿದ್ದ ವೆಂಗ್ ಪಿ-ಯುನ್. ಮಿಂಗ್-ರೂಳ ತಾಯಿ.

ಊರಿಗೆ ಅನುಮಾನವೇ ಇರಲಿಲ್ಲ. ಯಾಕೆಂದರೆ ಮಿಂಗ್-ರೂಳ ಅಜ್ಜಿ, ತಂದೆಯ ತಾಯಿ, ಹಿಂದಿನ ದಿನ ಗುಡಿಗೆ ಹೋಗಿ ದೇವಿಯ ಮುಂದೆ ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ಎಸೆದು ಕೇಳಿ ಬಂದಿದ್ದಳು. ಮೂರು ಸಲ ಎಸೆದರೆ ಮೂರು ಸಲವೂ ಒಂದು ಅಂಗಾತ, ಒಂದು ಬೋರಲು. ದೇವಿ ಹೂಂ ಅಂದಳು ಎಂದು ಅಜ್ಜಿ ಸಿಂಪಿ ಬಿಡಿಸುವ ಕೊಟ್ಟಿಗೆಯಲ್ಲಿ ಹೇಳಿದ್ದೇ ತಡ, ಮಾತು ಸಂಜೆಯೊಳಗೆ ಬಂದರಿನವರೆಗೆ ಹೋಗಿತ್ತು. ನೆರೆಮನೆಯ ಕೂನ್ ಮಾವ ಆ ಮಾತಿನ ಮೇಲೇ ಪಟಾಕಿ ತಂದದ್ದು.

ಮಿಂಗ್-ರೂಳ ಭಯ ಬೇರೆಯೇ ಇತ್ತು. ಅವಳ ತಂದೆ ಜಲಸಂಧಿಯ ಆಚೆ ದಡದಲ್ಲಿ ಬೂಟಿನ ಕಾರ್ಖಾನೆ ನಡೆಸಲು ಹೋದವರು. ಅಲ್ಲಿಯೇ ಅವರಿಗೆ ಇನ್ನೊಂದು ಮನೆ, ಇನ್ನೊಬ್ಬಳು ಹೆಂಡತಿಯಂಥವಳು, ಶಾಲೆಗೆ ಹೋಗುವ ಒಬ್ಬ ಮಗಳು. ಊರಿಗೆಲ್ಲ ಗೊತ್ತು, ಊರಿನಲ್ಲಿ ಯಾರೂ ಆಡುವುದಿಲ್ಲ. ಹೊಸವರ್ಷಕ್ಕೆ ಬಂದವರು ಕಾರ್ಖಾನೆ ಹೇಗೆ ನಡೀತಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಿತ್ತಳೆಯ ಸಿಪ್ಪೆ ಸುಲಿಯತೊಡಗುತ್ತಾರೆ. ಮೂರು ಚುನಾವಣೆಗಳಲ್ಲೂ ಎದುರು ಪಕ್ಷದವರು ಅದನ್ನು ಎತ್ತಲಿಲ್ಲ. ಅವರ ಮನೆಗಳಲ್ಲೂ ಆಚೆ ದಡಕ್ಕೆ ಹೋದ ಗಂಡಸರಿದ್ದರು. ಆದರೆ ಇಡೀ ದ್ವೀಪ ಈ ಓಣಿಯ ಹಾಗೆ ಮರ್ಯಾದೆಗೆ ಬಾಯಿ ಮುಚ್ಚಿಕೊಂಡಿರುತ್ತದೆಯೇ? ಹೋದ ವಾರ ಪಕ್ಷದವರು ಬಂದು ಚಹಾ ಕುಡಿದು, ಗೋಡೆಯ ಫೋಟೋಗಳನ್ನು ನೋಡಿ, ಮನೆಯವರ ಬಗ್ಗೆ ಬಹಳ ನಯವಾಗಿ ವಿಚಾರಿಸಿ, ಆಯ್ಕೆಯನ್ನು ಕೊನೆ ಗಳಿಗೆಯವರೆಗೆ ಗುಟ್ಟಾಗಿಡುತ್ತೇವೆ, ಅಲ್ಲಿವರೆಗೆ ಊರಲ್ಲೇ ಇರಿ ಎಂದು ಹೇಳಿಹೋಗಿದ್ದರು. ಮೊನ್ನೆ ಒಬ್ಬ ವರದಿಗಾರ್ತಿ ಗ್ರಂಥಾಲಯಕ್ಕೇ ಬಂದು, ಪ್ರಚಾರದ ಗಾಡಿ ಮೇಲೆ ನಿಮ್ಮ ತಂದೆಯೂ ನಿಲ್ತಾರಾ ಎಂದು ಕೇಳಿದ್ದಳು. ಮಿಂಗ್-ರೂ ಕೈಯಲ್ಲಿದ್ದ ಪುಸ್ತಕವನ್ನು ತಪ್ಪು ಕಪಾಟಿಗೆ ಸೇರಿಸಿ ಒಳಗೆ ಹೋಗಿಬಿಟ್ಟಿದ್ದಳು.

ತಾಯಿಗೆ ಬೇಡ ಅನ್ನು ಎಂದು ಹೇಳಲು ಮೂರು ರಾತ್ರಿ ಬಾಯಿ ತೆರೆದಿದ್ದಳು. ಊಟದ ಮೇಜಿನಲ್ಲಿ ತಾಯಿಯ ನೆಟ್ಟಗಿನ ಬೆನ್ನು ನೋಡಿ ಮೂರು ರಾತ್ರಿಯೂ ಅನ್ನವನ್ನೇ ನುಂಗಿದ್ದಳು.

ಈಗ ಎಲ್ಲರೂ ಹೊರಗಿದ್ದರು. ಮನೆಯ ಟೀವಿಯ ಧ್ವನಿಯನ್ನು ಓಣಿಯ ಧ್ವನಿವರ್ಧಕಕ್ಕೆ ಸೇರಿಸಿದ್ದರು. ತಾಯಿ ನೇರಳೆ ಕೋಟು ತೊಟ್ಟು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ತಲೆಬಾಗುತ್ತಿದ್ದರು. ಮುಖ ತೋರಿಸಲು ಅಂಜುವ ಮಿಂಗ್-ರೂ ಒಬ್ಬಳೇ ಒಳಗೆ ಟೀವಿಯ ಮುಂದೆ ಉಳಿದಳು.

ಅಭ್ಯರ್ಥಿ ಮೈಕಿನ ಮುಂದೆ ಬಂದ. ಬಹಳ ಯೋಚಿಸಿದ್ದೇನೆ, ನನ್ನ ಜೊತೆ ನಿಲ್ಲುವವರು ಒಬ್ಬ ಮಹಿಳೆ, ರೋಗಿಗಳ ಹಾಸಿಗೆಯ ಪಕ್ಕದಲ್ಲಿ ನಿಂತು ಈ ನಾಡನ್ನು ಅರಿತವರು ಎಂದ. ಹೊರಗೆ ಕೂನ್ ಮಾವನಿಗೆ ಅಷ್ಟು ಸಾಕಾಯಿತು. ಬೆಂಕಿ ಇಟ್ಟೇಬಿಟ್ಟ.

ಓಣಿಯೇ ಸಿಡಿದ ಹಾಗಾಯಿತು. ಕಿಟಕಿಯ ಗಾಜು ನಡುಗಿತು. ಅಭ್ಯರ್ಥಿಯ ತುಟಿಗಳು ಅಲುಗಿದ್ದು ಕಂಡಿತು, ಹೆಸರು ಕೇಳಲಿಲ್ಲ. ಆಮೇಲೆ ಪರದೆಯ ಬದಿಯಿಂದ ಕತ್ತರಿಸಿದ ಬಿಳಿಗೂದಲಿನ, ದಪ್ಪ ಕನ್ನಡಕದ ಹೆಂಗಸೊಬ್ಬರು ನಡೆದುಬಂದು ಅವನ ಕೈ ಹಿಡಿದು ಮೇಲೆತ್ತಿದರು. ಡಾಕ್ಟರ್ ಫಾಂಗ್.

ಮಿಂಗ್-ರೂ ಕುರ್ಚಿಯ ಅಂಚಿಗೆ ಕೂತುಬಿಟ್ಟಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಕಲ್ಲು ಉರುಳಿತ್ತು. ಅಳು ಬಂತು, ನಗುವೂ ಬಂತು. ಆಗಲೇ ಹೊರಗಿನಿಂದ ಪಟಾಕಿಯನ್ನೂ ಮೀರಿ ಜನರ ಕೇಕೆ ಕೇಳಿಸಿತು. ಹೊಗೆಯ ನಡುವೆ ಹೆಂಗಸರು ತಾಯಿಯ ಕೊರಳಿಗೆ ಹೂವಿನ ಹಾರ ಹಾಕುತ್ತಿದ್ದರು. ಎಲ್ಲರೂ ಫೋನು ಎತ್ತಿ ಹಿಡಿದು ಪಟಾಕಿಯ ಚಿತ್ರ ತೆಗೆಯುತ್ತಿದ್ದರೇ ವಿನಾ ಯಾರೂ ಅದರಲ್ಲಿ ಸುದ್ದಿ ನೋಡುತ್ತಿರಲಿಲ್ಲ. ಸರ ಮುಗಿದ ಕೂಡಲೇ ನೋಡುತ್ತಾರೆ. ಆಗ ತಾಯಿ ಆ ಹಾರ ಹಾಕಿಕೊಂಡು ಇಡೀ ಊರಿನ ಎದುರು ನಿಂತಿರುತ್ತಾರೆ.

ಎದುರಿಗೆ ಯಾರಾದರೂ ಸಿಕ್ಕರೆ ರಸ್ತೆಯ ಆ ಬದಿಗೆ ಹೋಗುವ ಹುಡುಗಿ, ಅಷ್ಟು ಜನರೊಳಗೆ ಭುಜ ತೂರಿಸಿಕೊಂಡು ನುಗ್ಗಿದಳು. ಯಾರೋ ಅವಳ ಕೆನ್ನೆ ಹಿಂಡಿದರು, ಯಾರೋ ಬೆನ್ನು ಗುದ್ದಿದರು. ತಾಯಿಯ ತೋಳು ಹಿಡಿದು, ಕಿವಿಗೆ ಬಾಯಿ ಹಚ್ಚಿದಳು.

"ಅಮ್ಮಾ, ನೀನಲ್ಲ. ಆ ಡಾಕ್ಟರು."

ತಾಯಿಯ ಮುಖದ ನಗು ಇದ್ದ ಹಾಗೆಯೇ ಇತ್ತು. ಬರೀ ತುಟಿ ಅಲುಗಿತು. "ಕಣ್ಣಾರೆ ನೋಡಿದ್ಯಾ?"

"ನೋಡ್ದೆ. ಕೈ ಎತ್ತಿದ್ರು."

ಮಗಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ ತಾಯಿಯ ಕೈ ನಿಧಾನವಾಗಿ ಸಡಿಲವಾಯಿತು. ಕೋಟಿನೊಳಗಿನ ಭುಜಗಳೂ ಇಳಿದವು. ಮಿಂಗ್-ರೂ ತಲೆ ಎತ್ತಿ ನೋಡಿದಳು. ಅದು ದುಃಖದ ಮುಖದ ಹಾಗಿರಲಿಲ್ಲ.

ಕೊನೆಯ ಪಟಾಕಿ ಮನೆ ಬಾಗಿಲಲ್ಲೇ ಸಿಡಿಯಿತು. ಕಿವಿಯೊಳಗೆ ಗುಂಯ್ ಅನ್ನುವಷ್ಟರಲ್ಲಿ ತಾಯಿ ಮೈಕು ತೆಗೆದುಕೊಂಡಿದ್ದರು. ಡಾಕ್ಟರ್ ಫಾಂಗ್ ಆಯ್ಕೆಯಾಗಿದ್ದಾರೆಂದೂ, ತಮಗೆ ಅವರ ಮೇಲೆ ಬಹಳ ಗೌರವವೆಂದೂ, ಈ ಕರಾವಳಿಯ ಒಂದೊಂದು ವೋಟನ್ನೂ ತಾವೇ ಮನೆಮನೆಗೆ ಹೋಗಿ ಅವರಿಗೆ ತರುವುದಾಗಿಯೂ ಹೇಳಿದರು. ಹೇಳುತ್ತಲೇ ಹಾರ ತೆಗೆದು ಪಕ್ಕದ ಮುದುಕಿಯ ಕೊರಳಿಗೆ ಹಾಕಿದರು.

ಕೂನ್ ಮಾವ ಕೈಯಲ್ಲಿನ ಊದುಬತ್ತಿಯನ್ನೇ ನೋಡುತ್ತಿದ್ದ.

"ಹಂಗಾದ್ರೆ ನಾನು ಯಾರಿಗೆ ಹಚ್ಚಿದ್ದು, ಯುನ್ ಅಕ್ಕಾ?"

"ಒಬ್ಬ ಹೆಂಗಸಿಗೆ ಹಚ್ಚಿದ್ದಪ್ಪಾ. ಅದ್ರಲ್ಲೇನು ತಪ್ಪಿದೆ?"

ಆಗ ನಗು ಬಂತು, ಮೊದಲು ಹಿಂದಿನಿಂದ, ಆಮೇಲೆ ಎಲ್ಲ ಕಡೆಯಿಂದ. ಬೈಗುಳವೂ ಬಂತು. ತೈಪೇಯವರಿಗೆ ತೈಪೇಯವರೇ ಕಾಣೋದು ಅಂದರು. ಆ ಡಾಕ್ಟರಮ್ಮ ಜನ್ಮದಲ್ಲಿ ಒಂದು ಸಿಂಪಿ ಬಿಡಿಸಿದ್ದಾಳಾ ಎಂದು ಒಬ್ಬಳು ಕೇಳಿದ್ದಕ್ಕೆ, ಮನುಷ್ಯರ ಹೊಟ್ಟೆನೇ ಬಿಡಿಸ್ತಾಳಂತೆ, ನಿನ್ನ ಸಿಂಪಿ ಯಾವ ಲೆಕ್ಕ ಬಿಡೇ ಎಂದು ಇನ್ನೊಬ್ಬಳು ಉತ್ತರ ಕೊಟ್ಟಳು. ಹೆಂಗಸಾಗಿ ಅಷ್ಟೆತ್ತರ ಹೋದಳಲ್ಲ, ಹೋಗಲಿ ಎಂದೂ ಅಂದರು. ಹೇಗೂ ಹಾಸಿದ್ದ ದುಂಡು ಮೇಜುಗಳ ಮೇಲೆ ಸಿಂಪಿ ಗಂಜಿ ಹೊಗೆಯಾಡುತ್ತಿತ್ತು. ಜನ ಕೂತು ಉಂಡರು.

ಬೆಳಕು ಇಳಿಯುವ ಹೊತ್ತಿಗೆ ತಾಯಿ, ಮಗಳು, ಅಜ್ಜಿ ಮೂವರೂ ಅಡುಗೆಮನೆಯಲ್ಲಿದ್ದರು. ತಾಯಿ ಬೂಟು ಬಿಚ್ಚಿ, ಬರಿಗಾಲನ್ನು ತಣ್ಣನೆಯ ನೆಲಕ್ಕೆ ಊರಿ, ಪಾತ್ರೆಯಲ್ಲೇ ಉಳಿದ ಗಂಜಿ ತಿನ್ನುತ್ತಿದ್ದರು. ಮೂರನೆಯ ಚಮಚದ ಹೊತ್ತಿಗೆ ಮಾತು ಬಂತು.

"ಕರೆದಿದ್ರೆ ಹೋಗ್ತಿದ್ದೆ. ಇಲ್ಲ ಅನ್ನೋಕೆ ಆಗ್ತಿರಲಿಲ್ಲ, ಇವರೆಲ್ಲ ಕಾಯ್ತಿದ್ರಲ್ಲ." ಚಮಚ ಕೆಳಗಿಟ್ಟರು. "ಆದ್ರೆ ನಿಮ್ಮಪ್ಪನ ಆ ಮಗುವಿನ ಫೋಟೋ ಪೇಪರಲ್ಲಿ ಬರ್ತಿತ್ತಲ್ಲ ಅಂತ... ಅವಳಿಗೇನು ಗೊತ್ತು ಪಾಪ."

ಮಿಂಗ್-ರೂ ಆ ಹುಡುಗಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ತನ್ನ ಬಗ್ಗೆ ಯೋಚಿಸಿದ್ದಳು, ತಾಯಿಯ ಬಗ್ಗೆ ಯೋಚಿಸಿದ್ದಳು. ತಾಯಿಯ ಮುಂದಿನ ಪಾತ್ರೆಗೆ ಮೆಣಸಿನಪುಡಿ ಉದುರಿಸಿದಳು.

"ನಿನಗೆ ಬೇಸರ ಇಲ್ವಾ ಹಾಗಾದ್ರೆ?" ಎಂದಳು ಕೊನೆಗೆ.

"ಒಂಚೂರು ಇದೆ. ನಾಳೆ ಹೋಗುತ್ತೆ."

ಇಷ್ಟು ಹೊತ್ತೂ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಕಡೆಗೆ ತಾಯಿ ತಿರುಗಿದರು. ದೇವಿ ಮೂರು ಸಲ ಹೂಂ ಅಂದಳೆಂದು ಊರೆಲ್ಲ ಸಾರಿ ಬಂದಿದ್ದಿರಲ್ಲ ಅತ್ತೆ, ಈಗ ಕೂನ್ ಬಂದು ಕೇಳಿದರೆ ದೇವಿ ಸುಳ್ಳು ಹೇಳಿದಳು ಅನ್ನೋಣವೇ ಎಂದು ಕೇಳಿದರು.

ಅಜ್ಜಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ದೇವಿ ಯಾಕೆ ಸುಳ್ಳು ಹೇಳ್ತಾಳೆ? ಹೂಂ ಅಂದಿದ್ದು ನಿಜ. ನಾನೇನು ಕೇಳ್ದೆ ಅಂತ ಇಲ್ಲಿವರೆಗೂ ಯಾರೂ ಕೇಳಲಿಲ್ಲ."

"ಏನು ಕೇಳಿದ್ರಿ?"

"ನನ್ನ ಸೊಸೆ ಇಲ್ಲೇ ಇರೋ ಹಾಗೆ ಮಾಡ್ತೀಯಾ ತಾಯಿ ಅಂತ."

ಮಿಂಗ್-ರೂ ಮೊದಲು ನಕ್ಕಳು, ಅವಳು ಅಷ್ಟು ಜೋರಾಗಿ ನಕ್ಕದ್ದು ಕೇಳಿ ಉಳಿದವರೂ ನಕ್ಕರು. ಆಮೇಲೆ ಅವಳು ಅಭ್ಯಾಸಬಲದಿಂದ ಪೊರಕೆ ಹಿಡಿದು ಬಾಗಿಲಿಗೆ ಹೋದಾಗ, ಅಜ್ಜಿ ಒಳಗಿನಿಂದಲೇ ಗದರಿದಳು. ಪಟಾಕಿಯ ಕೆಂಪು ಕಾಗದವನ್ನು ಅದೇ ದಿನ ಗುಡಿಸಬಾರದು, ಬಂದ ಒಳ್ಳೆಯದೂ ಜೊತೆಗೇ ಹೋಗುತ್ತದೆ. ಮಿಂಗ್-ರೂ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಗುಡಿಯವರೆಗೂ ಓಣಿ ಕೆಂಪಾಗಿತ್ತು. ಚಪ್ಪಲಿ ಬಿಟ್ಟು ಅದರ ಮೇಲೆ ಸ್ವಲ್ಪ ದೂರ ನಡೆದಳು. ಎದುರಿಗೆ ಕೂನ್ ಮಾವ ಬರುತ್ತಿದ್ದ. ಅವಳು ಓಣಿಯ ಆ ಬದಿಗೆ ಹೋಗಲಿಲ್ಲ.