ಎಮ್ಮೆಬಂಡೆಯ ಮೇಲೆ ನಿಂತ ಹಜರತಬೀ

ಸಾಣಾಪುರದ ಕೆರೆಯಲ್ಲಿ ಹರಗೋಲು ನಡೆಸುವವರು ಹದಿನಾಲ್ಕು ಮಂದಿ. ಅವರಲ್ಲಿ ಹೆಂಗಸು ಒಬ್ಬಳೇ, ಹಜರತಬೀ. ಗಂಡ ಜಿಲಾನಸಾಬ ಬೈಕಿನಿಂದ ಬಿದ್ದು ಬಲಭುಜ ಕೆಡಿಸಿಕೊಂಡ ವರ್ಷ ಅವಳು ಹುಟ್ಟು ಹಿಡಿದಳು. "ಎರಡ ದಿನಕ್ಕ ಬಿಸಾಕಿ ಮನಿಗೆ ಹೋಗ್ತಾಳ ತಗೋರಿ" ಎಂದು ಗಂಡಸರು ನಕ್ಕಿದ್ದರು. ಆ ಮಾತಿಗೆ ಈಗ ಒಂಬತ್ತು ವರ್ಷ.

ಹಜರತಬೀಗೆ ಈಜು ಬರುತ್ತಿರಲಿಲ್ಲ. ಬಹುಶಃ ಅದಕ್ಕಾಗಿಯೇ ನೀರಿನ ಅಡಿಯಲ್ಲಿ ಎಲ್ಲೆಲ್ಲಿ ಏನೇನಿದೆ ಎಂಬುದನ್ನು ಅವಳಷ್ಟು ಬಲ್ಲವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ಪ್ರವಾಸಿಗರು ಬರುವ ಮೊದಲೇ, ಬೆಳಗಿನ ಹೊತ್ತು, ಲೈಫ್ ಜಾಕೆಟ್ ಬಿಗಿದುಕೊಂಡು ಕೆರೆಯನ್ನೊಮ್ಮೆ ಸುತ್ತುತ್ತಿದ್ದಳು. ಹುಟ್ಟನ್ನು ಊರಿ ಊರಿ ನೋಡುತ್ತಿದ್ದಳು. ಇಲ್ಲಿ ಕಲ್ಲು, ಇಲ್ಲಿ ಕೆಸರು, ಇಲ್ಲಿ ಹುಟ್ಟು ಮುಟ್ಟದಷ್ಟು ಆಳ. ದೊಡ್ಡ ಬಂಡೆಯ ಬುಡದಲ್ಲಿ, ದಡದಿಂದ ಸ್ವಲ್ಪವೇ ಆಚೆ, ಮುಳುಗಿ ಮಲಗಿದ ಎಮ್ಮೆಯ ಬೆನ್ನಿನಂಥ ಕಲ್ಲೊಂದಿತ್ತು. ಅದಕ್ಕವಳು ಎಮ್ಮೆಬಂಡೆ ಎಂದೇ ಹೆಸರಿಟ್ಟಿದ್ದಳು.

ಆ ಕಲ್ಲು ಅವಳ ಮನಸ್ಸಿನಿಂದ ಹೋಗದಿರಲು ಕಾರಣವಿತ್ತು. ಎರಡು ಬೇಸಿಗೆಗಳ ಹಿಂದೆ ಒಬ್ಬ ಹುಡುಗ ದೊಡ್ಡ ಬಂಡೆಯಿಂದ ಹಾರಿ ಅದರ ಮೇಲೆ ಬಿದ್ದಿದ್ದ. ಅವನು ಮೇಲೆ ನಿಂತಿದ್ದನ್ನು ಹಜರತಬೀ ಕಂಡಿದ್ದಳು. ದೂರದಿಂದಲೇ ಒಂದು ಸಲ ಕೂಗಿ, ಅವನಿಗೆ ಕೇಳಿಸಿತೋ ಇಲ್ಲವೋ ಎಂದು ನೋಡದೆ ತನ್ನ ಪಾಡಿಗೆ ಮುಂದೆ ಹೋಗಿದ್ದಳು. ಹುಡುಗ ಉಳಿದ, ಆದರೆ ಮತ್ತೆ ನಡೆಯಲಿಲ್ಲ. ತಿಂಗಳಾದ ಮೇಲೆ ಅವನ ಅಪ್ಪ ಬಂದು, ಆ ಜಾಗ ತೋರಿಸೆಂದು ಕೇಳಿ, ಬಂಡೆಯ ಮೇಲೆ ಒಂದು ತಾಸು ಕುಳಿತು ಹೋದ. ತಾನು ಕಂಡಿದ್ದೆ ಎಂದು ಅವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಈ ಸಲ ಏಪ್ರಿಲ್‌ನಲ್ಲಿ ಕಾಲುವೆಯ ನೀರು ನಿಂತು ಹನ್ನೆರಡು ದಿನವಾಗಿತ್ತು. ಕೆರೆ ಒಂದಾಳು ಇಳಿದಿತ್ತು. ಆದರೆ ಮೇಲಿನಿಂದ ನೋಡುವವರಿಗೆ ಅದೇ ಹಸಿರು ನೀರು, ಅದೇ ಬಿಸಿಲಿನ ಹೊಳಪು.

ಭಾನುವಾರ ನಾಲ್ಕು ಗಂಟೆಯ ಸುಮಾರಿಗೆ ಅವಳ ಹರಗೋಲಿನಲ್ಲಿ ಇಬ್ಬರಿದ್ದರು. ಕೊಪ್ಪಳದ ಶಾಲೆಯಲ್ಲಿ ಕಲಿಸುವ ಹೇಮಾವತಿ ಮತ್ತು ಅವಳ ಅತ್ತೆ ಮುದುಕವ್ವ. ಮುದುಕವ್ವನಿಗೆ ಇದು ಮೊದಲ ಸವಾರಿ. ಹರಗೋಲಿನ ಅಂಚನ್ನು ಎರಡೂ ಕೈಯಿಂದ ಹಿಡಿದು ದೇವರ ಹೆಸರು ಹೇಳುತ್ತಿದ್ದಳು. ಆಗ ದೊಡ್ಡ ಬಂಡೆಯ ಮೇಲಿಂದ ಕೇಕೆ ಕೇಳಿಸಿತು.

ಹಜರತಬೀ ತಲೆಯೆತ್ತಿದಳು. ಮೂರಾಳಿಗೂ ಮಿಗಿಲಾದ ಎತ್ತರದಲ್ಲಿ ಒಬ್ಬ ತರುಣ ಅಂಗಿ ಬಿಚ್ಚಿ ನಿಂತಿದ್ದ. ಅವನ ಹಿಂದೆ ಒಬ್ಬ ಹುಡುಗಿ. ಕೆಳಗೆ ಚಾಚಿಕೊಂಡ ಕಲ್ಲಿನ ಮೇಲೆ ಇನ್ನೊಬ್ಬ ಮೊಬೈಲು ಹಿಡಿದು, "ಹಾಲೇಶಾ, ಇನ್ನೂ ಸ್ವಲ್ಪ ಮುಂದ ಬಾ!" ಎನ್ನುತ್ತಿದ್ದ. ಅಂಗಿ ಬಿಚ್ಚಿದವನೇ ಹಾಲೇಶ. ಅವನ ಕಾಲುಬೆರಳ ನೇರ ಕೆಳಗೆ ಎಮ್ಮೆಬಂಡೆಯಿತ್ತು.

"ಏ ತಮ್ಮಾ! ಹಾರಬ್ಯಾಡೋ! ಕೆಳಗ ಕಲ್ಲೈತಿ!"

ಹಾಲೇಶ ಅವಳತ್ತ ಖುಷಿಯಿಂದ ಕೈ ಬೀಸಿದ. ಅವಳೂ ಹುರುಪು ಕೊಡುತ್ತಿದ್ದಾಳೆಂದು ಅವನು ತಿಳಿದಿರಬೇಕು.

ಒಂದು ಸಲ ಕೂಗಿದ್ದಾಗಿತ್ತು. ಹಜರತಬೀ ಈ ಸಲ ಅಷ್ಟಕ್ಕೆ ನಿಲ್ಲಲಿಲ್ಲ. "ಅಕ್ಕಾರ, ಗಟ್ಟಿಯಾಗಿ ಕುಂದರ್ರಿ" ಎಂದು ಹೇಮಾವತಿಗೆ ಹೇಳಿ, ಹರಗೋಲನ್ನು ಬಂಡೆಯ ಬುಡಕ್ಕೆ ತಿರುಗಿಸಿದಳು. ಮೈಯೆಲ್ಲ ಹುಟ್ಟಿಗೆ ಹಾಕಿ, ಉಸಿರು ಕಟ್ಟಿ ಎಳೆದಳು. ಹತ್ತಿರ ಬಂದಾಗ ಮೇಲಿನವರ ಮಾತು ಸ್ಪಷ್ಟವಾಗಿ ಕೇಳಿಸಿತು.

"ಆಂಟಿ, ಸರೀರಿ ಸ್ವಲ್ಪ! ವಿಡಿಯೋದಾಗ ಅಡ್ಡ ಬರಾಕತ್ತೀರಿ!" ಎಂದ ಮೊಬೈಲು ಹಿಡಿದವನು.

"ಕಲ್ಲೈತೋ ಇಲ್ಲಿ! ನೀರ ಇಳದೈತಿ!"

"ಹ್ವಾದ ದೀಪಾವಳಿಗೆ ನಾನ ಇಲ್ಲೇ ಹಾರೇನಿ ಆಂಟಿ," ಎಂದು ಹಾಲೇಶ ನಕ್ಕ. "ಗದಗದಿಂದ ಇದಕ್ಕಂತನ ಬಂದೀವಿ. ಏನೂ ಆಗೂದಿಲ್ಲ."

"ಅಣ್ಣಾ, ಆಕಿ ಹೇಳೂದ ಕೇಳೋ," ಎಂದಳು ಹಿಂದಿದ್ದ ಹುಡುಗಿ. ಅದು ಅವನ ತಂಗಿ ಅಮೃತಾ.

"ನೀ ಸುಮ್ನಿರ. ಗುರುಬಸವಾ, ಎಣಸಲೇ!"

ಗುರುಬಸವ ಎಣಿಸತೊಡಗಿದ. ಒಂದು ಎಂದ. ಹಾಲೇಶ ಕೆಳಗಿನ ಹರಗೋಲು ಅಡ್ಡ ಬಾರದಂತೆ ಬಂಡೆಯ ಮೇಲೆ ಒಂದು ಮಾರು ಪಕ್ಕಕ್ಕೆ ಸರಿದು ಮೊಣಕಾಲು ಬಗ್ಗಿಸಿದ. ಅಲ್ಲಿಯೂ ಕೆಳಗೆ ಅದೇ ಕಲ್ಲು.

ಮಾತಿನಿಂದ ಇದು ಮುಗಿಯುವುದಲ್ಲ ಎಂದು ಹಜರತಬೀಗೆ ಅನ್ನಿಸಿತು. ಹುಟ್ಟನ್ನು ನೀರಿಗೆ ಊರಿದಳು. ಟಕ್ಕೆಂದು ಕಲ್ಲು ತಾಕಿತು. ಪಕ್ಕದಲ್ಲಿ ಊರಿದಳು, ಅಲ್ಲೂ ತಾಕಿತು. ಹರಗೋಲಿನ ಹಗ್ಗದ ಒಂದು ತುದಿಯನ್ನು ಹೇಮಾವತಿಯ ಕೈಗೆ ಕೊಟ್ಟು, ಇನ್ನೊಂದನ್ನು ತನ್ನ ಜಾಕೆಟ್ಟಿನ ಪಟ್ಟಿಗೆ ಬಿಗಿದಳು. ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಬಿಸ್ಮಿಲ್ಲಾ ಎಂದವಳೇ ಕೆರೆಯೊಳಗೆ ಕಾಲಿಟ್ಟಳು.

"ಯವ್ವಾ, ಮುಳುಗಿದ್ಲು!" ಎಂದು ಮುದುಕವ್ವ ಚೀರಿದಳು.

ಹಜರತಬೀ ಮುಳುಗಲಿಲ್ಲ. ಹಾಲೇಶ ಹಾರಬೇಕೆಂದಿದ್ದ ಜಾಗದಲ್ಲೇ, ಆಳವಾದ ಹಸಿರು ಕೆರೆಯಂತೆ ಕಾಣುತ್ತಿದ್ದ ನೀರಿನಲ್ಲಿ, ಅವಳು ಎದ್ದು ನಿಂತಳು. ನೀರು ಅವಳ ಮೊಣಕಾಲಿಗೆ ಮಾತ್ರ ಬಂದಿತ್ತು. ಹುಟ್ಟನ್ನು ಎತ್ತಿ ಕಾಲ ಬಳಿಯ ಕಲ್ಲಿಗೆ ಬಡಿದಳು. ಆ ಸದ್ದು ಮೇಲಿನವರೆಗೂ ಹೋಯಿತು.

"ಈಗ ಹಾರ! ಎಲ್ಲಿ ಹಾರತಿ ಹಾರ ನೋಡೂಣು!"

ಗುರುಬಸವನ ಎಣಿಕೆ ನಿಂತುಹೋಯಿತು. ಹಾಲೇಶ ಅವಳ ಮೊಣಕಾಲನ್ನೇ ನೋಡಿದ, ಅದರ ಸುತ್ತಲಿನ ನೀರನ್ನು ನೋಡಿದ. ಎರಡೂ ಕೈಯಿಂದ ಬಂಡೆ ಹಿಡಿದು ಹಿಂದಕ್ಕೆ ಸರಿದು ಕುಳಿತುಬಿಟ್ಟ. ಅಮೃತಾ ಅವನ ಕುತ್ತಿಗೆ ತಬ್ಬಿಕೊಂಡು ಅಳತೊಡಗಿದಳು.

ಹಜರತಬೀ ಉಸಿರು ಬಿಡುವಷ್ಟರಲ್ಲಿ ಇನ್ನೊಂದಾಯಿತು. ನೀರಿನ ನಡುವೆ ನಿಂತ ಹೆಂಗಸನ್ನು ಚೆನ್ನಾಗಿ ಹಿಡಿಯಬೇಕೆಂದು ಗುರುಬಸವ ಮೊಬೈಲಿನಿಂದ ಕಣ್ಣು ತೆಗೆಯದೆ ಒಂದು ಹೆಜ್ಜೆ ಪಕ್ಕಕ್ಕಿಟ್ಟ. ಅಲ್ಲಿ ಪಾಚಿಯಿತ್ತು. ಅವನು ಬೆನ್ನ ಮೇಲೆ ಜಾರುತ್ತ ಬಂದು ಎಮ್ಮೆಬಂಡೆಯ ಆಚೆಯ ಮಡುವಿಗೆ ಬಿದ್ದ. ಒಮ್ಮೆ ಮೇಲೆ ಬಂದು, "ಅವ್ವಾ" ಎಂದು ಕೂಗಿ, ಮತ್ತೆ ಒಳಗೆ ಹೋದ.

"ಅವಗ ಈಜ ಬರೂದಿಲ್ರೀ!" ಎಂದು ಹಾಲೇಶ ಮೇಲಿಂದ ಅರಚಿದ.

ಈಜು ತನಗೂ ಬರುವುದಿಲ್ಲ ಎಂಬ ಯೋಚನೆ ಹಜರತಬೀಗೆ ಬಂದು ಹೋಯಿತು. ಆದರೆ ಎಮ್ಮೆಯ ಬೆನ್ನು ಅವಳಿಗೆ ಗೊತ್ತಿತ್ತು. ಅಲ್ಲಿಂದ ಮೂರು ಹೆಜ್ಜೆ ಕಲ್ಲು, ನಾಲ್ಕನೆಯ ಹೆಜ್ಜೆಗೆ ಏನೂ ಇಲ್ಲ. ಒಂದು, ಎರಡು, ಮೂರು. ನೀರು ತೊಡೆಯವರೆಗೆ ಬಂತು. ಬಗ್ಗಿ, ಕೈ ಚಾಚಿ, ಹುಟ್ಟನ್ನು ನೊರೆಯೆದ್ದ ಕಡೆ ಚುಚ್ಚಿದಳು.

"ಹಿಡಕೋ! ಕಟಗಿ ಹಿಡಕೋ!"

ಹಿಡಿದ. ಮುಳುಗುವವನ ಹಿಡಿತ ಅದು. ಒಮ್ಮೆಲೇ ಎಳೆದಾಗ ಅವಳ ಕಾಲು ಜಾರಿ, ಮೊಣಕಾಲೂರಿ ಬಿದ್ದಳು. ನೀರು ಎದೆಗೆ ಬಂತು. ಹುಟ್ಟು ಬಿಟ್ಟರೆ ತಾನು ಉಳಿಯುತ್ತೇನೆ ಎಂದು ಗೊತ್ತಿತ್ತು. ಬಿಡಲಿಲ್ಲ.

"ಅಕ್ಕಾರ, ಹಗ್ಗ ಜಗ್ಗರಿ!"

ಹೇಮಾವತಿ ಜಗ್ಗಿದಳು. ಹರಗೋಲು ಕಲ್ಲಿನ ಮೇಲೆ ಕೂತು ಕರಕರ ಎಂದಿತು. ಆಗ ಅಷ್ಟು ಹೊತ್ತು ಅಂಚು ಬಿಡದಿದ್ದ ಮುದುಕವ್ವ ಅಂಚನ್ನು ಬಿಟ್ಟಳು. ನಲವತ್ತು ವರ್ಷ ಬಾವಿಯಿಂದ ನೀರು ಸೇದಿದ ಕೈ ಅವಳದು. "ಸರೀಗೆ ಹಿಡಿಯ, ಹೇಮಾ! ನಾ ಅಂದಾಗ ಜಗ್ಗ!" ಎಂದು ಸೊಸೆಗೆ ಗದರಿಸಿ, ಹಗ್ಗವನ್ನು ಕೈಗೆ ಸುತ್ತಿ, ಹಿಂದಕ್ಕೆ ವಾಲಿದಳು. ಹಗ್ಗದ ಹಿಂದೆ ಹಜರತಬೀ ಬಂದಳು, ಹುಟ್ಟಿನ ಹಿಂದೆ ಗುರುಬಸವ ಬಂದ. ಕಲ್ಲಿನ ಮೇಲೆ ಬೋರಲು ಬಿದ್ದು, ಕೆಮ್ಮಿ, ಕುಡಿದ ನೀರನ್ನೆಲ್ಲ ಕಕ್ಕಿದ.

ದೂರದಿಂದ ಕಂಡ ಹೊಳಿಯಪ್ಪ ಮತ್ತು ರಫೀ ತಮ್ಮ ಹರಗೋಲುಗಳನ್ನು ಹಾರಿಸಿಕೊಂಡು ಬರುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ. ನೀರಿನ ನಡುವೆ ಒದ್ದೆಯಾದ ಹೆಂಗಸೊಬ್ಬಳು ನಿಂತಿದ್ದಳು, ಅವಳ ಕಾಲ ಬಳಿ ಬದುಕಿದ ಹುಡುಗನೊಬ್ಬ ಕುಳಿತಿದ್ದ. ಹೊಳಿಯಪ್ಪನಿಗೆ ಅರವತ್ತು ದಾಟಿತ್ತು, ಹುಟ್ಟಿದಾಗಿನಿಂದ ನೀರಿನ ಸಹವಾಸ. ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ದಡದಲ್ಲಿ ಜನ ಸೇರಿದ್ದರು. ಅವಳು ಇಳಿಯುತ್ತಲೇ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಮುದುಕವ್ವ ಎಲ್ಲರೆದುರು ಹಜರತಬೀಯ ಮುಖ ಸವರಿ, ಬೆರಳುಗಳನ್ನು ತನ್ನ ಹಣೆಯ ಬದಿಗೆ ಒತ್ತಿ ಲಟಿಕೆ ಮುರಿದಳು. ಹಾಲೇಶ ಬರಿಮೈಯಲ್ಲೇ ಓಡಿಬಂದು ಕಾಲಿಗೆ ಬೀಳಹೋದ. ಅವಳು ಅವನ ಬೆನ್ನಿಗೊಂದು ಸರಿಯಾಗಿ ಬಿಟ್ಟಳು. "ಆಕಿಗೂ ಈಜ ಬರೂದಿಲ್ಲೋ," ಎಂದ ರಫೀ.

"ಈಜ ಬರದ ನೀವ್ ಹೆಂಗ ಇಳದ್ರಿ ಆಂಟಿ?" ಎಂದು ಅವನು ಅಳುತ್ತಲೇ ಕೇಳಿದ.

"ನಾ ಹುಟ್ಟ ಊರಿ ನೋಡಿ ಇಳದೇನಿ. ನೀ ಏನ ನೋಡಿದ್ದಿ?"

"ವಿಡಿಯೋ ನೋಡಿದ್ದೆ," ಎಂದ ಅವನು ಸಣ್ಣ ದನಿಯಲ್ಲಿ. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅಮೃತಾ ಕಣ್ಣೊರೆಸಿಕೊಂಡು ನಕ್ಕಳು, ಕಂಬಳಿ ಸುತ್ತಿಕೊಂಡು ಕೂತಿದ್ದ ಗುರುಬಸವನೂ ನಕ್ಕ. ಎಷ್ಟೋ ದಿನಗಳ ಮೇಲೆ ಹಜರತಬೀಯ ಎದೆ ಹಗುರವಾಗಿತ್ತು.

ನಗು ನಿಂತ ಮೇಲೆ ಹೊಳಿಯಪ್ಪ ಮುಂದೆ ಬಂದ. "ಹಜರತವ್ವಾ, ಕೆರಿಯಾಗ ಇಂಥಾ ಕಲ್ಲ ಎಷ್ಟ ಅದಾವ?"

"ಒಂಬತ್ತ ಅದಾವರಿ ಯಣ್ಣಾ."

"ನಾಳೆ ನಮಗೆಲ್ಲಾ ತೋರಸು."

ಮರುದಿನ ಬೆಳಿಗ್ಗೆ ಹದಿನಾಲ್ಕು ಹರಗೋಲುಗಳು ಒಟ್ಟಿಗೆ ನೀರಿಗಿಳಿದವು. ಗದಗಕ್ಕೆ ಹಿಂತಿರುಗದೆ ಉಳಿದಿದ್ದ ಹಾಲೇಶ ಮತ್ತು ಗುರುಬಸವ ಕಲ್ಲುಗಳ ಗುರುತಿಗೆಂದು ಖಾಲಿ ಕ್ಯಾನುಗಳಿಗೆ ಕೆಂಪು ಬಣ್ಣ ಬಳಿದು, ಲೈಫ್ ಜಾಕೆಟ್ ತೊಟ್ಟು ಕುಳಿತಿದ್ದರು. ಜಿಲಾನಸಾಬ ಒಂದೇ ಕೈಯಲ್ಲಿ ಕ್ಯಾನಿನ ಹಗ್ಗಕ್ಕೆ ಕಲ್ಲು ಕಟ್ಟಿ ಕಟ್ಟಿ ಕೊಡುತ್ತಿದ್ದ. "ನನ್ನ ಹೇಣ್ತಿ," ಎಂದು ಪಕ್ಕದಲ್ಲಿ ನಿಂತ ಪ್ರವಾಸಿಗರಿಗೆ, ಅವರು ಕೇಳದಿದ್ದರೂ ಹೇಳುತ್ತಿದ್ದ. "ಆ ಮುಂದ ಅದಾಳಲ್ಲ, ಆಕಿ."

ಅವಳು ಮುಂದಿದ್ದಳು. ಹುಟ್ಟು ಊರಿ, "ಇಲ್ಲಿ ಬಿಡರಿ!" ಎಂದಳು. ರಫೀ ಮೊದಲ ಕ್ಯಾನನ್ನು ಬಿಟ್ಟ. ಅದು ಒಮ್ಮೆ ಮುಳುಗಿ, ಎದ್ದು, ಎಮ್ಮೆಬಂಡೆಯ ಮೇಲೆ ಕೆಂಪಗೆ ತೇಲಿತು. ಹದಿಮೂರು ಹರಗೋಲುಗಳಿಂದ ಸಿಳ್ಳೆ ಎದ್ದು ಬಂಡೆಯಿಂದ ಬಂಡೆಗೆ ಬಡಿದು ಕೆರೆಯ ತುಂಬ ತಿರುಗಿತು. ಹಜರತಬೀ ಸೆರಗು ಬಿಗಿದು ಕಟ್ಟಿಕೊಂಡಳು.

"ಸಿಳ್ಳೆ ಸಾಕ ಮಾಡ್ರಿ, ಇನ್ನೂ ಎಂಟ ಅದಾವ," ಎಂದು ಕೂಗಿ ಹರಗೋಲನ್ನು ಬಿಸಿಲಿನ ಕಡೆ ತಿರುಗಿಸಿದಳು.