ಜತ್ತಪ್ಪನ ಒಳ್ಳೆಯ ಜೀನ್

ಬಂಟ್ವಾಳದಿಂದ ಕಕ್ಕಿಂಜೆಯವರೆಗೆ ಎಲ್ಲಿ ವಾಲಿಬಾಲ್ ಪಂದ್ಯಾಟ ನಡೆದರೂ ಮೈಕಿನ ಮುಂದೆ ಇಬ್ಬರೇ: ಪುಂಜಾಲಕಟ್ಟೆಯ ಚಿನ್ನಯ್ಯ, ಮಡಂತ್ಯಾರಿನ ಜತ್ತಪ್ಪ. ಚಿನ್ನಯ್ಯನಿಗೆ ಸೈಕಲ್ ಅಂಗಡಿ, ಜತ್ತಪ್ಪನಿಗೆ ರಿಕ್ಷಾ. ಒಬ್ಬ ಆಟದ ವಿವರಣೆ ಕೊಡುವಾಗ ಇನ್ನೊಬ್ಬ ಎಲೆಗೆ ಸುಣ್ಣ ಹಚ್ಚಿ, ಅಡಿಕೆ, ಹೊಗೆಸೊಪ್ಪು ಇಟ್ಟು ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಯಾರಾದರೂ ಬುದ್ಧಿ ಹೇಳಿದರೆ ಚಿನ್ನಯ್ಯನ ಉತ್ತರ ಸಿದ್ಧವಿತ್ತು. “ನನ್ನ ಅಪ್ಪ ತೊಂಬತ್ತರವರೆಗೆ ತಿಂದ್ರು. ಎಂಥ ಆಯ್ತು? ನಮ್ಮ ಮನೆಯವರ ರಕ್ತಕ್ಕೆ ಹೊಗೆಸೊಪ್ಪು ತಾಗುದಿಲ್ಲ ಮಾರಾಯ.”

ಆ ಮಾತು ಪರೀಕ್ಷೆಗೆ ಬಂದದ್ದು ಅವನ ತಂಗಿಯ ಮಗಳು ಸಾತ್ವಿಕಾಳಿಂದ. ಮೂಡುಬಿದಿರೆಯಲ್ಲಿ ಎಂಎಸ್ಸಿ ಓದುತ್ತಿದ್ದ ಅವಳಿಗೆ, ಹೊಗೆಸೊಪ್ಪು ತಿನ್ನುವವರ ಜೀನ್‌ಗಳ ಅಧ್ಯಯನಕ್ಕೆಂದು ಜನರ ಎಂಜಲು ಬೇಕಿತ್ತು. ಮನೆ ಮನೆ ತಿರುಗಿದರೂ ಯಾರೂ ಕೊಡಲಿಲ್ಲ. ಎಂಜಲು ಒಯ್ದು ಮಾಟ ಮಾಡಿಸಿದರೆ ಎಂಬ ಹೆದರಿಕೆ ಕೆಲವರಿಗೆ.

“ಮಾವ, ನೀವಾದ್ರೂ ಕೊಡಿ,” ಎಂದು ಅವಳು ಕೇಳಿಕೊಂಡಳು.

“ನಾನೊಬ್ಬನೇ ಯಾಕೆ? ಊರಿಗೆ ಊರೇ ಕೊಡ್ತದೆ, ನೋಡು.”

ಮುಂದಿನ ಭಾನುವಾರ ಮಡಂತ್ಯಾರಿನ ಪಂದ್ಯದ ಬಿಡುವಿನಲ್ಲಿ ಚಿನ್ನಯ್ಯ ಮೈಕ್ ಹಿಡಿದ. “ಕ್ರೀಡಾಭಿಮಾನಿಗಳೇ, ಬಲಬದಿಯ ಮೇಜಿನಲ್ಲಿ ನನ್ನ ತಂಗಿಯ ಮಗಳು ಕೂತಿದ್ದಾಳೆ. ಇಷ್ಟು ವರ್ಷ ರಸ್ತೆಗೆ ಉಗುಳಿದಿರಿ, ಇವತ್ತು ಒಮ್ಮೆ ವಿಜ್ಞಾನಕ್ಕೆ ಉಗುಳಿ!”

ಮೈದಾನವಿಡೀ ನಕ್ಕಿತು. ಮೇಜಿನ ಮುಂದೆ ಸಾಲು ಬೆಳೆಯಿತು. ಎಲ್ಲರಿಗಿಂತ ಮುಂದೆ ಜತ್ತಪ್ಪ, ಅವನ ಬೆನ್ನಿಗೆ ಚಿನ್ನಯ್ಯ.

ಕೆಲವು ತಿಂಗಳ ನಂತರ, ಫಲಿತಾಂಶ ತಿಳಿಯಲು ಇಷ್ಟಪಟ್ಟವರನ್ನು ಸಾತ್ವಿಕಾಳ ಅಧ್ಯಾಪಕಿ ಸಬೀಹಾ ಮೇಡಂ ಮೂಡುಬಿದಿರೆಗೆ ಕರೆಸಿದರು. ಗೆಳೆಯರಿಬ್ಬರೂ ಜತ್ತಪ್ಪನ ರಿಕ್ಷಾದಲ್ಲೇ ಹೋದರು.

“ಹೊಗೆಸೊಪ್ಪಿನ ವಿಷವನ್ನು ಹೊರಗೆ ಹಾಕ್ಲಿಕ್ಕೆ ನಮ್ಮ ದೇಹದಲ್ಲಿ ಕೆಲವು ಕಿಣ್ವಗಳು ಉಂಟು,” ಎಂದರು ಮೇಡಂ. “ಅಂಥ ಒಂದು ಕಿಣ್ವವನ್ನು ಮಾಡುವ ಜೀನ್ ತುಂಬ ಜನರಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಚಿನ್ನಯ್ಯನವರೇ, ನಿಮ್ಮಲ್ಲಿಯೂ ಇಲ್ಲ.”

ಚಿನ್ನಯ್ಯನ ಮುಖ ಸಣ್ಣದಾಯಿತು. “ನನ್ನ ಅಪ್ಪನಿಗೆ ಇದ್ದಿರಬೇಕಲ್ಲ?”

“ಇದ್ದಿರಬಹುದು. ಆದರೆ ಅವರಿಗೆ ಇದ್ದದ್ದು ನಿಮಗೂ ಬರಲೇಬೇಕು ಅಂತ ಇಲ್ಲ.”

“ನನಗೆ?” ಎಂದ ಜತ್ತಪ್ಪ.

“ನಿಮಗೆ ಉಂಟು.”

ಜತ್ತಪ್ಪ ಕುರ್ಚಿಯಲ್ಲೇ ಕುಣಿದ. “ಹಾಗಾದ್ರೆ ನಾನು ತಿನ್ಬಹುದು!”

“ಖಂಡಿತ ಇಲ್ಲ. ಜೀನ್ ಇಲ್ಲದವರಿಗೆ ಅಪಾಯ ಸ್ವಲ್ಪ ಹೆಚ್ಚಿರಬಹುದು, ಅಷ್ಟೇ. ಇದ್ದವರನ್ನು ಕ್ಯಾನ್ಸರ್ ಬಿಡ್ತದೆ ಅಂತ ಅರ್ಥ ಅಲ್ಲ. ಅಡಿಕೆಯೂ ಸಾಚಾ ಅಲ್ಲ. ಮೊದಲು ಇಬ್ಬರೂ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಿ.”

ಅಲ್ಲಿಂದಲೇ ಆಸ್ಪತ್ರೆಗೆ ಹೋದರು. ಚಿನ್ನಯ್ಯ ಕಣ್ಣು ಮುಚ್ಚಿ, ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದು ಬಾಯಿ ತೆರೆದ. ಡಾಕ್ಟರು ಮೂಲೆ ಮೂಲೆ ನೋಡಿ, “ಹಲ್ಲು ಕೆಂಪು, ಬೇರೆ ಏನೂ ಇಲ್ಲ,” ಎಂದರು. ಅವನು ಉಸಿರು ಬಿಟ್ಟು ಎದ್ದ. ಜತ್ತಪ್ಪ ನಗುನಗುತ್ತಲೇ ಹೋಗಿ ಕುಳಿತ. ಡಾಕ್ಟರ ಕೈಯ ಬೆಳಕು ಅವನ ಎಡಗೆನ್ನೆಯ ಒಳಗೆ ಹೋಗಿ ಅಲ್ಲೇ ನಿಂತಿತು.

“ಈ ಬಿಳಿ ಮಚ್ಚೆ ಎಷ್ಟು ಸಮಯದಿಂದ ಉಂಟು?”

“ಯಾವ ಮಚ್ಚೆ?” ಎಂದ ಜತ್ತಪ್ಪ. ಅವನ ನಗು ಮಾಯವಾಗಿತ್ತು.

ಡಾಕ್ಟರು ಮಚ್ಚೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಹೊರಗೆ ಬಂದ ಜತ್ತಪ್ಪ ರಿಕ್ಷಾದ ಹತ್ತಿರ ನಿಂತು ಜೇಬು ಮುಟ್ಟಿ ನೋಡಿಕೊಂಡ. ಚಿನ್ನಯ್ಯ ಅವನ ಜೇಬಿನ ಹೊಗೆಸೊಪ್ಪನ್ನೂ ತನ್ನದನ್ನೂ ತೆಗೆದು ಗೇಟಿನ ಬಳಿಯ ಕಸದ ಡಬ್ಬಕ್ಕೆ ಹಾಕಿದ.

“ನನಗೆ ಜೀನ್ ಇಲ್ಲ, ನಿನಗೆ ಬುದ್ಧಿ ಇಲ್ಲ. ಇಬ್ಬರೂ ಬಿಡುವ.”

ವರದಿ ಬರುವವರೆಗೆ ಚಿನ್ನಯ್ಯ ಪ್ರತಿದಿನ ಅಂಗಡಿಯನ್ನು ಬೇಗ ಮುಚ್ಚಿ ಮಡಂತ್ಯಾರಿಗೆ ಹೋಗಿ ಗೆಳೆಯನ ಜೊತೆ ಕೂತು ಬಂದ. ಕೊನೆಗೆ ವರದಿ ಬಂತು. ಮಚ್ಚೆ ಕ್ಯಾನ್ಸರ್ ಆಗಿರಲಿಲ್ಲ, ಆದರೆ ಆಗುವ ದಾರಿ ಹಿಡಿದಿತ್ತು. “ಒಳ್ಳೆ ಸಮಯಕ್ಕೆ ಬಂದಿರಿ,” ಎಂದು ಡಾಕ್ಟರು ಮಚ್ಚೆಯನ್ನು ಪೂರ್ತಿ ತೆಗೆದು, ಗಾಯ ಮಾಗುವವರೆಗೆ ಮಾತು ಬೇಡ ಎಂದರು.

ಹಾಗಾಗಿ ಬೆಳ್ತಂಗಡಿಯ ಪಂದ್ಯದಲ್ಲಿ ಜತ್ತಪ್ಪ ಮೈಕಿನ ಪಕ್ಕ ಮೂಗನಂತೆ ಕುಳಿತ. ಚಟ ಬಿಟ್ಟ ಸಿಟ್ಟಿನಲ್ಲಿ ಚಿನ್ನಯ್ಯ ಅಂಪೈರಿಗೂ ಗದರಿದ. ಜತ್ತಪ್ಪ ಕೈಸನ್ನೆ ಮಾಡಿ, ಚೆಂಡು ಗೆರೆಯ ಒಳಗೇ ಬಿದ್ದದ್ದು ಎಂದು ತೋರಿಸಿದ. “ಜತ್ತಪ್ಪನಿಗೆ ಚಾ ಬೇಕಂತೆ, ಯಾರಾದ್ರೂ ತನ್ನಿ,” ಎಂದು ಚಿನ್ನಯ್ಯ ಸನ್ನೆಯನ್ನು ತಪ್ಪು ತಿಳಿದು ಮೈಕಿನಲ್ಲಿ ಹೇಳಿದ. ಚಾ ಬಂತು. ಜತ್ತಪ್ಪ ಹಣೆ ಚಚ್ಚಿಕೊಂಡು ಅದನ್ನು ತಣಿಸಿ ಕುಡಿದ. ಆಟಕ್ಕಿಂತ ಇದಕ್ಕೇ ಜನ ಹೆಚ್ಚು ಸಿಳ್ಳೆ ಹೊಡೆದರು.

ಹಲವು ತಿಂಗಳ ನಂತರದ ತಪಾಸಣೆಯಲ್ಲಿ ಡಾಕ್ಟರು ಕೆನ್ನೆ ಚೊಕ್ಕವಾಗಿದೆ, ಖಾರ ತಿನ್ನಬಹುದು ಎಂದರು. ಅಂದೇ ಚಿನ್ನಯ್ಯನ ಹೆಂಡತಿ ನೀಲಾವತಿ ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಸಾರು ಮಾಡಿದಳು. ಸಾತ್ವಿಕಾಳೂ ಊಟಕ್ಕೆ ಬಂದಿದ್ದಳು. ಮೊದಲ ತುತ್ತು ಬಾಯಿಗಿಟ್ಟ ಜತ್ತಪ್ಪನ ಕಣ್ಣಿಂದ ನೀರು ಇಳಿಯಿತು.

“ಉರೀತದಾ ಜತ್ತಪ್ಪಣ್ಣ?” ಎಂದು ನೀಲಾವತಿ ಗಾಬರಿಯಾದಳು.

“ಇಲ್ಲ ನೀಲಕ್ಕ, ರುಚಿಯಾಗ್ತದೆ,” ಎಂದು ಅವನು ಇನ್ನೊಂದು ಬಂಗುಡೆಗೆ ತಟ್ಟೆ ಚಾಚಿದ.