ಕೇತಕಿಗೆ ದಮ್ಮಿದೆ

ಬೆಳಗಿನ ಜಾವ ಮೈಲೂರಿನಿಂದ ಪಾಪನಾಶದ ಗುಡಿಯವರೆಗೆ ಓಡುವ ಹುಚ್ಚಿಗೆ ಕೇತಕಿಯನ್ನು ಎಳೆದು ತಂದವಳು ನಾನೇ. ನಾನು ಸೌಂದರ್ಯಾ, ಭಾಲ್ಕಿಯವಳು, ಬೀದರಿನ ಹೈಸ್ಕೂಲೊಂದರಲ್ಲಿ ಆಟದ ಟೀಚರು. ಬೈಯುವುದರಲ್ಲಿ ಎತ್ತಿದ ಕೈ. ಕೇತಕಿ ಅಲ್ಲೇ ವಿಜ್ಞಾನ ಕಲಿಸುತ್ತಾಳೆ. ಬೇಸಿಗೆ ರಜೆಯಲ್ಲಿ ಇಬ್ಬರೂ ಬೆನ್ನಿಗೆ ಚೀಲ ಹೊತ್ತು ಹಿಮಾಲಯ ಹತ್ತುವುದೆಂದು ಠರಾಯಿಸಿದ್ದೆವು. ಮೇಲೆ ಮೇಲೆ ಹೋದಂತೆ ಅಲ್ಲಿ ಗಾಳಿ ತೆಳ್ಳಗಾಗುತ್ತದೆ. ಈಗಿನಿಂದಲೇ ಓಡದಿದ್ದರೆ ಅರ್ಧ ದಾರಿಯಲ್ಲೇ ಕೂರಬೇಕಾಗುತ್ತದೆ.

ಆದರೆ ಅವಳ ತಾಯಿ ಒಪ್ಪಬೇಕಿತ್ತು. ದೀಪಾವಳಿ ಮುಗಿದ ಮೇಲೆ ಅವಳ ಜೊತೆ ಅವಳೂರು ಸಂತಪುರದ ಬಸ್ಸು ಹತ್ತಿದೆ. ಅವರ ಮನೆಮಾತು ಮರಾಠಿ. ನನ್ನ ಜೊತೆ ಮಾತ್ರ ಕನ್ನಡ. ಕೇತಕಿ ಒಳಗೆ ಚಹಾ ಕಾಸುತ್ತಿದ್ದಾಗ ಅವಳ ಆಯಿ ಸುಲಭಾಬಾಯಿ ನನ್ನ ಪಕ್ಕಕ್ಕೆ ಸರಿದರು.

"ಟೀಚರಬಾಯಿ, ಆಕಿಗಿ ಸಣ್ಣಾಕಿ ಇದ್ದಾಗಿಂದ ದಮ್ಮ ಅದರಿ. ನಿಮಗ ಗೊತ್ತದೋ ಇಲ್ಲೋ."

"ಗೊತ್ತಿಲ್ಲದ ಏನ್ರಿ ಆಯಿ! ದಮ್ಮ ಅದ ಅಂತನೇ ಕರಕೊಂಡು ಹೊಂಟೀನಿ."

ಅವರು ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದರು. "ಗುಡ್ಡದ ಹವಾ ಛಲೋ ಇರ್ತದೇನ್ರಿ?"

"ಭಾಳ ಛಲೋರಿ."

"ಹಂಗಿದ್ರ ಹೋಗಲಿ. ಎಲ್ಲಾ ಗೊತ್ತಿದ್ದೋರು ಜೋಡಿಗಿ ಇದ್ದೀರಿ."

ಅವರು ಒಳಗೆ ಹೋಗಿ ಮಗಳ ಹತ್ತಿರ ಏನೋ ಪಿಸುಗುಟ್ಟಿದರು. ಕೇತಕಿ ಓಡಿಬಂದು ನನ್ನನ್ನು ಅಪ್ಪಿಕೊಂಡಳು, ಕಣ್ಣಲ್ಲಿ ನೀರು. ಅಪ್ಪಣೆ ಸಿಕ್ಕ ಖುಷಿ ಇರಬೇಕೆಂದು ನಾನೂ ನಕ್ಕೆ.

ಅಂದಿನಿಂದ ಓಟ ಜೋರಾಯಿತು. ಅವಳು ಆಗಾಗ ಹಿಂದೆ ಉಳಿದು, ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಬೂಟಿನ ದಾರ ಬಿಚ್ಚಿತು ಅನ್ನುತ್ತಿದ್ದಳು. "ಹೊಸಾ ಬೂಟ ತಗೋ, ಇಲ್ಲಾ ದಾರಾ ಕಟ್ಟೂದು ಕಲಿ!" ಎಂದು ಒದರುತ್ತಿದ್ದೆ. "ನಿನಗ ದಮ್ಮ ಅದ ಅಂತ ನಿಮ್ಮ ಆಯಿನೇ ಹೇಳ್ಯಾರ, ಓಡು!" ಅಂದರೆ ಸಾಕು, ಗೊಳ್ಳನೆ ನಕ್ಕು ಮತ್ತೆ ಓಡುತ್ತಿದ್ದಳು. ಆ ಮಾತಿಗೆ ಅಷ್ಟು ನಗು ಯಾಕೆಂದು ನಾನು ಕೇಳಲಿಲ್ಲ.

ಜನವರಿಯ ಒಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಪಾಪನಾಶದ ಏರು ಹತ್ತುವಾಗ ಹಿಂದಿನ ಹೆಜ್ಜೆ ಸಪ್ಪಳ ನಿಂತಿತು. "ಮತ್ತ ದಾರಾ ಏನು?" ಎಂದು ಸಿಟ್ಟಿನಿಂದ ತಿರುಗಿದೆ. ಕೇತಕಿ ರಸ್ತೆಯ ಮೇಲೆ ಎರಡೂ ಕೈ ಊರಿ ಕುಸಿದಿದ್ದಳು. ತುಟಿ ನೀಲಿಯಾಗಿತ್ತು. ಎದೆಯೊಳಗಿಂದ ಸುಂಯ್‌ ಎಂದು ಸದ್ದು ಬರುತ್ತಿತ್ತು. ಓಡಿಹೋಗಿ ಅವಳ ಪಕ್ಕ ಕುಳಿತೆ.

"ಪಂಪ..." ಅಂದಳು.

ದಾರಿಯಲ್ಲಿ ಹಿಂದೆ ಬಿಟ್ಟುಬಂದ ಪೆಟ್ರೋಲ್ ಪಂಪಿನಲ್ಲಿ ಜನ ಇರುತ್ತಾರೆ, ಅವರನ್ನು ಕರೆ ಅನ್ನುತ್ತಿದ್ದಾಳೆ ಎಂದುಕೊಂಡು ಆ ಕಡೆ ಓಡಲು ಎದ್ದೆ. ಅವಳು ನನ್ನ ಕಾಲು ಹಿಡಿದಳು, ಜೇಬು ತೋರಿಸಿದಳು. ಕೈ ಹಾಕಿದರೆ ನೀಲಿ ಬಣ್ಣದ ಆ ಡಬ್ಬಿ. ನಮ್ಮ ದೊಡ್ಡಪ್ಪ ದಿನಾ ಬಾಯಿಗಿಟ್ಟು ಒತ್ತುತ್ತಿದ್ದ ಉಸಿರಿನ ಪಂಪು.

ದಮ್ಮು! ನಮ್ಮ ಕಡೆ ಕಸುವಿಗೂ ಅದೇ ಮಾತು, ಉಬ್ಬಸಕ್ಕೂ ಅದೇ ಮಾತು. ದೊಡ್ಡಪ್ಪನ ದಮ್ಮನ್ನು ನೋಡುತ್ತಲೇ ಬೆಳೆದ ನನಗೆ ಇದು ಹೊಳೆಯಲೇ ಇಲ್ಲವಲ್ಲ!

ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಅವಳೇ ಒತ್ತಿಕೊಂಡಳು. ಹಾಲಿನ ಟೆಂಪೋ ಒಂದು ನಿಂತಿತು. ಕ್ಯಾನುಗಳ ನಡುವೆ ಅವಳನ್ನು ತಬ್ಬಿಕೊಂಡು ಆಸ್ಪತ್ರೆಗೆ ಹೋದೆ. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ಹದಕ್ಕೆ ಬಂತು. ಮೂಗಿನ ಮೇಲಿನ ಮಾಸ್ಕು ಸರಿಸಿ ನನ್ನ ಕೈ ಹಿಡಿದಳು.

"ಅಂಜಬ್ಯಾಡ. ತಪ್ಪು ನಂದು, ಥಂಡ್ಯಾಗ ಬರಬಾರದಿತ್ತು. ಯಾರ ಮುಂದೂ ಪಂಪ ಹೊಡಕೊಳ್ಳಲಿಕ್ಕ ನಾಚಿಕಿ ಆಗ್ತದ, ಅದಕ್ಕೇ ದಾರದ ನೆವಾ ಹೇಳ್ತಿದ್ದೆ. ಸಾಲ್ಯಾಗೂ ಓಡಬ್ಯಾಡ, ಸುಮ್ನ ಒಂದ ಕಡೆ ಕೂಡು ಅಂದ್ರು, ಮನ್ಯಾಗೂ ಕೂಡು ಅಂದ್ರು. ಎಲ್ಲಾ ಗೊತ್ತಿದ್ದೂ ಓಡು ಅಂದಾಕಿ ನೀ ಒಬ್ಬಾಕಿನೇ. ಅದೇ ಧೈರ್ಯದ ಮ್ಯಾಲೆ ಓಡೀನಿ ನೋಡು."

ಸುಮ್ಮನಿದ್ದುಬಿಡಬಹುದಿತ್ತು. ಆಗಲಿಲ್ಲ.

"ಕೇತಕಿ, ನನಗ ಗೊತ್ತೇ ಇದ್ದಿಲ್ಲ. ಕಸುವು ಅಂತ ತಿಳಕೊಂಡಿದ್ದೆ."

ನಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖದ ಬಣ್ಣವೇ ಇಳಿದುಹೋಯಿತು. ರಸ್ತೆಯಲ್ಲಿ ಕುಸಿದಾಗಲೂ ಆ ಕಣ್ಣಲ್ಲಿ ಅಷ್ಟು ಗಾಬರಿ ಇರಲಿಲ್ಲ.

"ಗೊತ್ತಿದ್ದರ," ಅಂದಳು ಮೆಲ್ಲಗೆ, "ನೀನೂ ಕೂಡು ಅಂತಿದ್ದೇನು?"

ನಾನು ಅವಳ ಮಾಸ್ಕನ್ನು ಮತ್ತೆ ಮೂಗಿನ ಮೇಲೆ ಏರಿಸಿ, "ಈಗ ಮಾತಾಡಬ್ಯಾಡ, ಸುಮ್ನ ಮಲಕೋ" ಅಂದೆ. ಕೇತಕಿ ಕೈ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿದಳು.